ಕೋಟು ಮಾಸ್ಟರು ರ್ಯಾಮಿಗೆ ಜೋಡಿ ಹುಡುಕಿದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಂಪ್ಯೂಟರ್ ರಿಪೇರಿ ಅಂಗಡಿಯ ಒಡತಿ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ, ಬೀದಿಗೆ ಬೀದಿಯೇ ಕರೆಂಟಿಲ್ಲದೆ ಕೂತಿದ್ದಾಗ ಹೇಳಿದರು. ಅವರನ್ನು ಅಲ್ಲಿ ಎಲ್ಲರೂ ಕರೆಯುವುದು ರಿಪೇರಿ ಅಕ್ಕ ಎಂದು. ಅವರಿಗಿಂತ ಇಪ್ಪತ್ತು ವರ್ಷ ಹಿರಿಯರಾದವರೂ ಹಾಗೆಯೇ ಕರೆಯುತ್ತಾರೆ. ಅಂದು ಬೆಂಚಿನ ಮೇಲೆ ಕಾಯುತ್ತಿದ್ದವರು ಮೂವರು: ಉಣ್ಣೆಯ ಶಾಲು ಹೊದಿಸಿದ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ದನದ ಡಾಕ್ಟರು, ಶಾಲೆಯೊಂದರ ಗುಮಾಸ್ತೆ, ಮತ್ತು ಟೇಪ್ ರೆಕಾರ್ಡರನ್ನು ರಿಪೇರಿಗೆ ಕೊಟ್ಟಿದ್ದ ನಾನು. ಅನಂತರ ಇದೇ ಕಥೆಯನ್ನು ದರ್ಜಿ ಕೋಟು ಮಾಸ್ಟರ ಹೆಂಡತಿಯಿಂದಲೂ ಬೀದಿಯ ಕೊನೆಯಲ್ಲಿ ಗುಂಡಿ ಮಾರುವಾಕೆಯಿಂದಲೂ ಕೇಳಿದ್ದೇನೆ. ಮೂರು ಹೇಳಿಕೆಗಳು ಬೇರೆಯಾಗುವ ಕಡೆ ಅದನ್ನು ತಿಳಿಸಿದ್ದೇನೆ.

ಕಥೆಗೆ ಕಾರಣವಾದದ್ದು ಗುಮಾಸ್ತೆಯ ಕಣ್ಣು. ಆಕೆಯ ಕಂಪ್ಯೂಟರಿಗೆ ಹಾಕಲೆಂದು ಅಕ್ಕ ಒಂದು ರ್ಯಾಮನ್ನು ಹೊರತೆಗೆದಿದ್ದರು. ಅದು ಬೂದುಬಣ್ಣದ ಹೊಳೆಯುವ ಲಕೋಟೆಯಲ್ಲಿತ್ತು. ಆ ಲಕೋಟೆ ಅಂಗೈಯಗಲದ ಒಂದು ಹತ್ತಿಬಟ್ಟೆಯ ಚೀಲದಲ್ಲಿತ್ತು. ಚೀಲದ ಹೊಲಿಗೆ ಅಚ್ಚುಕಟ್ಟು. ಮೂಲೆಯಲ್ಲಿ ಮಾತ್ರ ಹಳೆಯ ಎಣ್ಣೆಯ ಕಲೆ.

"ಇದೇನಕ್ಕ, ರ್ಯಾಮಿಗೂ ಅಂಗಿ ಹೊಲಿಸಿದೀರಾ?" ಎಂದರು ಗುಮಾಸ್ತೆ.

"ನಾನು ಹೊಲಿಸಿದ್ದಲ್ಲ, ತಾನಾಗೇ ಬಂದದ್ದು. ಹೇಗೂ ಕರೆಂಟಿಲ್ಲ, ಕೂತ್ಕೊಳ್ಳಿ" ಎಂದು ಅಕ್ಕ ಶುರುಮಾಡಿದರು.

ಕೋಟು ಮಾಸ್ಟರ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ನಡುವೆ ಸೊಂಟದೆತ್ತರದ ಮೇಜು. ಅವರು ನಿಲ್ಲುವ ಕಡೆ ಅದರ ಅಂಚು ಸವೆದು ದುಂಡಗಾಗಿದೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ನಲವತ್ತು ವರ್ಷಗಳಿಂದ ಗೆರೆಯೂ ಕತ್ತರಿಯೂ ಅವರದು, ಹೊಲಿಗೆ ಅವರ ಹೆಂಡತಿಯದು. ಈ ಹಂಚಿಕೆಯನ್ನು ಇಬ್ಬರೂ ಒಂದು ದಿನವೂ ಮೀರಿದವರಲ್ಲ.

ಈ ಪ್ರಸಂಗಕ್ಕೆ ಎರಡು ವರ್ಷ ಮುಂಚೆ ಮಾಸ್ಟರ ಬಲಗೈ ನಡುಗಲು ತೊಡಗಿತು. ಕತ್ತರಿ ಹಿಡಿಯಲು ತೊಂದರೆಯಾಗಲಿಲ್ಲ. ಅದು ಭಾರದ್ದು, ಮೇಜಿನ ಮೇಲೇ ಊರಿಕೊಂಡು ನಡೆಯುತ್ತದೆ, ನಡುಕವನ್ನು ತಾನೇ ನುಂಗಿಕೊಳ್ಳುತ್ತದೆ. ಸೀಮೆಸುಣ್ಣ ಹಗುರ, ಕೈಯ ಗುಟ್ಟನ್ನೆಲ್ಲ ಬಟ್ಟೆಯ ಮೇಲೆ ಬರೆದುಬಿಡುತ್ತದೆ.

"ನಿಮ್ಮ ಗೆರೆ ನೋಡಿದ್ರೆ ಕೋಟಿಗೇ ಚಳಿ ಹತ್ತಿದೆ ಅನ್ಸುತ್ತೆ" ಎಂದು ಹೆಂಡತಿ ತಮಾಷೆ ಮಾಡಿದರು. ಮಾಸ್ಟರು ನಗಲಿಲ್ಲ. ಆಕೆ ಆ ತಮಾಷೆಯನ್ನು ಮತ್ತೆ ಮಾಡಲಿಲ್ಲ.

ಉಪಾಯ ಹುಡುಕಿದವಳು ಸೊಸೆ. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಅವಳ ಗಂಡ, ಅಂದರೆ ಮಾಸ್ಟರ ಮಗ, ಬಸ್ಸಿನ ಡ್ರೈವರು. ಕಥೆ ನಡೆದ ವಾರ ಅವನಿಗೆ ದೂರದ ಸರದಿ ಬಿದ್ದಿತ್ತು. ಓದುವ ದಿನಗಳಲ್ಲಿ ಬಳಸಿದ ಕಂಪ್ಯೂಟರೊಂದನ್ನು ಅವಳು ತವರಿನಿಂದ ತಂದಿದ್ದಳು. ಅದನ್ನು ಮಾಸ್ಟರ ಕೋಣೆಯ ಮೂಲೆಯಲ್ಲಿರಿಸಿ, ಉಡುಪಿನ ನಕ್ಷೆ ಬಿಡಿಸುವ ಒಂದು ಪ್ರೋಗ್ರಾಮ್ ಹಾಕಿಕೊಟ್ಟಳು. ಕೀಲಿಯನ್ನು ಒಂದು ಸಲ ಒತ್ತಿದರೆ ಗೆರೆ ಒಂದು ನೂಲಿನಷ್ಟು ಸರಿಯುತ್ತದೆ. ನಡುಗುವ ಬೆರಳು ಎರಡು ಸಲ ಒತ್ತಿತೋ, ಒಂದು ಸಲ ಹಿಂದಕ್ಕೆ ಬಂದರಾಯಿತು. ಕಾಗದದ ಮೇಲೆ ಮುದ್ರಿಸಿ, ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲೆ ಹರಡಿ ಕತ್ತರಿಸುವುದು. ಮಾಸ್ಟರು ಆರು ತಿಂಗಳು ಕಲಿತರು. ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮಾವ ಕೇಳುತ್ತಿದ್ದರಂತೆ: "ಬಂದ್ಯಾ ತಾಯಿ? ಈ ಕಾಲರ್ ನನ್ನ ಮಾತು ಕೇಳ್ತಿಲ್ಲ, ನೀನು ಸ್ವಲ್ಪ ಬುದ್ಧಿ ಹೇಳು."

ಹೀಗಿರುವಾಗ ಹಾಡಿನ ಶಾಲೆಯ ಟೀಚರು ಬಂದರು. ಇಪ್ಪತ್ತೆಂಟು ಜನ ಹಾಡುವವರಿಗೆ ಇಪ್ಪತ್ತೆಂಟು ಕೋಟು ಬೇಕು. ಎಲ್ಲರ ಅಳತೆಯನ್ನೂ ತೆಗೆಸಿದರು. ಬಟ್ಟೆಯನ್ನು ದಾನಿಯೊಬ್ಬರು ಕೊಟ್ಟಿದ್ದರು. ಲೆಕ್ಕಕ್ಕೆ ಸರಿಯಾಗಿ ಇತ್ತು, ಗೇಣು ಹೆಚ್ಚಿರಲಿಲ್ಲ. ತುಂಡುಗಳನ್ನೆಲ್ಲ ಒಟ್ಟಿಗೆ ಹರಡಿ ಬಟ್ಟೆಯ ಅಗಲಕ್ಕೆ ಹೊಂದಿಸಿದರೆ ಮಾತ್ರ ಸಾಕಾಗುವಷ್ಟು.

"ಶನಿವಾರ ಸಾಯಂಕಾಲ ಐದಕ್ಕೆ ಬನ್ನಿ, ಆಗುತ್ತೋ ಇಲ್ವೋ ಹೇಳ್ತೀನಿ" ಎಂದರು ಮಾಸ್ಟರು. ನಲವತ್ತು ವರ್ಷದಲ್ಲಿ ಅವರು ಯಾರಿಗೂ "ಇಲ್ವೋ" ಎಂದವರಲ್ಲ.

ತೊಡಕು ಇದು: ಒಂದೊಂದೇ ಕೋಟು ತೆರೆದರೆ ಕಂಪ್ಯೂಟರು ನೆಟ್ಟಗಿತ್ತು. ಇಪ್ಪತ್ತೆಂಟನ್ನೂ ಒಟ್ಟಿಗೆ ತೆರೆದರೆ ಒಂಬತ್ತನೆಯದಕ್ಕೆ ಕಲ್ಲಾಗಿ ಕೂತುಬಿಡುತ್ತಿತ್ತು. ಬುಧವಾರ ಹಾಗಾಯಿತು, ಗುರುವಾರ ಬೆಳಿಗ್ಗೆಯೂ ಹಾಗಾಯಿತು. ಮಾಸ್ಟರು ಕತ್ತರಿಗೆ ಎಣ್ಣೆ ಹಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಮೇಜಿನ ಕೆಳಗಿನ ಖಾನೆಯಲ್ಲಿಟ್ಟರು.

ಹೆಂಡತಿ ಅದನ್ನು ಕಂಡರು. ಗುರುವಾರ ಮಧ್ಯಾಹ್ನ ಸೊಸೆ ಬಂದೊಡನೆ ಅಡುಗೆಮನೆಗೆ ಕರೆದು ಹೇಳಿದರು.

"ನೋಡೇ, ಕತ್ತರಿ ಸುತ್ತಿಟ್ಟಿದ್ದಾರೆ. ನಾನು ಈ ಮನೆಗೆ ಬಂದಾಗಿನಿಂದ ಆ ಕತ್ತರಿ ಬಟ್ಟೆ ಕತ್ತರಿಸಿದ್ದು ನೋಡಿದೀನಿ, ಬಟ್ಟೆ ಉಟ್ಟದ್ದು ನೋಡಿಲ್ಲ. ಶನಿವಾರ ಆಗಲ್ಲ ಅಂತ ಹೇಳಿದ್ರೆ, ಆಮೇಲೆ ಅದನ್ನ ಬಿಚ್ಚೋದಿಲ್ಲ ಅವರು."

"ಅತ್ತೆ, ಕೈಯದ್ದಲ್ಲ ತೊಂದರೆ, ರ್ಯಾಮಿಂದು" ಎಂದಳು ಸೊಸೆ. ಒಳಗೆ ಹೋಗಿ ಮಾವನಿಗೂ ಬಿಡಿಸಿ ಹೇಳಿದಳು. ಕಂಪ್ಯೂಟರು ಎಲ್ಲವನ್ನೂ ಬೀರುವಿನಲ್ಲಿ ಇಟ್ಟುಕೊಂಡಿರುತ್ತದೆ. ಆದರೆ ಕೆಲಸ ಮಾಡುವಾಗ ಹೊರಗೆ ಹರಡಿಕೊಳ್ಳಲು ಜಾಗ ಬೇಕು. ಆ ಜಾಗವೇ ರ್ಯಾಮ್. ಬಾಚಣಿಗೆಯಷ್ಟುದ್ದದ ಒಂದು ಹಸಿರು ಪಟ್ಟಿ. ಎರಡು ಪಟ್ಟಿ ಕೂರುವ ಸೀಳಿವೆ, ಇರುವುದು ಒಂದೇ.

"ಅಂದ್ರೆ ಮೇಜು ಚಿಕ್ಕದು ಅನ್ನು" ಎಂದರು ಮಾಸ್ಟರು.

"ಹೌದು ಮಾವ. ಇನ್ನೊಂದು ಮೇಜು ತಂದು ಜೋಡಿಸೋಣ."

ಅಂದು ಸಂಜೆಯೇ ಅವಳು ರಿಪೇರಿ ಅಕ್ಕನ ಅಂಗಡಿಗೆ ಹೋದಳು. ಹಳೆಯ ಪಟ್ಟಿಗೆ ಅಂಟಿಸಿದ್ದ ಚೀಟಿಯ ಮೇಲಿದ್ದುದನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು: ಕಂಪನಿಯ ಹೆಸರು, ಎಂಟು ಜಿಬಿ, ವೇಗದ ಅಂಕಿ. ತಟ್ಟೆಯಲ್ಲಿದ್ದ ಹಳೆಯ ರ್ಯಾಮುಗಳಲ್ಲಿ ಅಕ್ಷರ ಅಕ್ಷರಕ್ಕೂ ಅದೇ ಚೀಟಿಯಿದ್ದ ಒಂದನ್ನು ಆರಿಸಿದಳು.

"ತೊಂದರೆ ಕೊಟ್ರೆ ಎರಡನ್ನೂ ತಗೊಂಡು ಬಾಮ್ಮ. ಒಂದನ್ನೇ ನೋಡಿ ನಾನೇನೂ ಹೇಳೋಕಾಗಲ್ಲ" ಎಂದಿದ್ದರು ಅಕ್ಕ.

"ಚೀಟಿ ಒಂದೇ ಇದೆಯಲ್ಲ ಅಕ್ಕ. ಚೀಟಿ ನೋಡದೆ ನಾವು ಲ್ಯಾಬಲ್ಲಿ ನೀರೂ ಕುಡಿಯೋದಿಲ್ಲ."

ಹಾಕಿದಳು. ಕಂಪ್ಯೂಟರು ಎದ್ದಿತು. ಇಪ್ಪತ್ತೆಂಟು ಕೋಟೂ ಹರಡಿಕೊಂಡವು. ಅತ್ತೆ ಬಂದು ಪರದೆಯನ್ನು ನೋಡಿ, ತಾವೇ ಹೊಲಿದವರಂತೆ ತಲೆದೂಗಿದರು. ಅರ್ಧ ಗಂಟೆಯಾಗಿತ್ತಷ್ಟೆ, ಪರದೆ ನೀಲಿಯಾಗಿ, ಹದಿನೇಳನೆಯ ಕೋಟಿನ ಎಡತೋಳು ಎಲ್ಲೋ ಮಾಯವಾಗಿ, ಯಂತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಶುಕ್ರವಾರ ಮೂರು ಸಲ ಹಾಗೆಯೇ ಆಯಿತು. ಒಂದೊಂದು ಪಟ್ಟಿಯನ್ನೇ ಹಾಕಿದರೆ ಎರಡೂ ಸಾಧು. ಜೊತೆಗೆ ಹಾಕಿದರೆ ಜಗಳ.

"ನಾನು ತಂದದ್ದೇ ಸರಿಯಿಲ್ಲ ಮಾವ" ಎಂದು ಸೊಸೆ ಮುಖ ಚಿಕ್ಕದು ಮಾಡಿದಳು. ಶನಿವಾರ ಅವಳಿಗೆ ಬೆಳಗಿನ ಪಾಳಿ. ನಾಲ್ಕು ಗಂಟೆಯೊಳಗೆ ಬರುವಂತಿರಲಿಲ್ಲ.

"ನಾಳೆ ನಾನು ಹೋಗ್ತೀನಿ. ಜೋಡಿ ಹುಡುಕೋದು ನಿನ್ನ ಕಸುಬಲ್ಲ, ನನ್ನದು" ಎಂದರು ಮಾಸ್ಟರು.

ಆ ಮನೆಯದೊಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬಟ್ಟೆಗೆ ನೂಲಾಗಲಿ, ಕೋಟಿಗೆ ಲೈನಿಂಗಾಗಲಿ ತರುವಾಗ ಮಾಸ್ಟರು ನಂಬರು ಬರೆದುಕೊಂಡು ಹೋಗುವವರಲ್ಲ. ಮೂಲ ಬಟ್ಟೆಯ ತುಂಡನ್ನು ರಟ್ಟಿನ ಕಾರ್ಡಿಗೆ ಹೆಂಡತಿಯಿಂದ ಎರಡು ಹೊಲಿಗೆಯಲ್ಲಿ ಬಂಧಿಸಿಕೊಂಡು, ಯಾರದು, ಯಾವ ದಿನ ಎಂದು ಬರೆದು, ಆ ಮಾದರಿಯನ್ನೇ ಒಯ್ಯುತ್ತಾರೆ. ಅಂಗಡಿಯ ದೀಪದಡಿಯಲ್ಲಿ ಏನನ್ನೂ ಆರಿಸುವುದಿಲ್ಲ. ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡುತ್ತಾರೆ.

ಶನಿವಾರ ಬೆಳಿಗ್ಗೆ ಅವರು ಸೊಸೆ ತೋರಿಸಿಕೊಟ್ಟಂತೆ ಎರಡು ಪಟ್ಟಿಗಳನ್ನೂ ಬಿಚ್ಚಿದರು. ಹೊಸದಾಗಿ ತಂದದ್ದು ಅದರ ಬೂದು ಲಕೋಟೆಗೆ ಹೋಯಿತು. ಹಳೆಯದಕ್ಕೆ ಲಕೋಟೆಯಿರಲಿಲ್ಲ. ಅದು ಸೊಸೆ ತವರಿನಿಂದ ತಂದದ್ದು, ಗೀರು ಬೀಳಬಾರದು. ಹತ್ತಿಬಟ್ಟೆ ಒರಟೆನಿಸಿತು. ಮನೆಯಲ್ಲಿದ್ದ ಎಲ್ಲಕ್ಕಿಂತ ನುಣುಪಾದ ಲೈನಿಂಗ್ ಬಟ್ಟೆ, ಕೈಗೆ ನಿಲ್ಲದೆ ಜಾರುವಂಥದ್ದು, ಅದರಲ್ಲಿ ಗೇಣುದ್ದ ಕತ್ತರಿಸಿ, ಪಟ್ಟಿಯನ್ನು ನಾಲ್ಕು ಸುತ್ತು ಸುತ್ತಿ, ಹೆಂಡತಿಯಿಂದ ಕಾರ್ಡಿಗೆ ಹೊಲಿಸಿದರು. ನಡುಗುವ ಅಕ್ಷರದಲ್ಲಿ ಬರೆದರು: "ಸೊಸೆಯದು. ಹಳೆಯದು. ಶನಿವಾರ." ಉಣ್ಣೆಯ ಕೋಟಿನ ಒಳಜೇಬಿನಲ್ಲಿಟ್ಟು ಹೊರಟರು. ಹೊರಗೆ ನಾಲಿಗೆ ಒಣಗುವಂಥ ಗಾಳಿ.

ಕಾರ್ಡನ್ನು ಕಂಡು ರಿಪೇರಿ ಅಕ್ಕ ಮೊದಲು ನಕ್ಕರಂತೆ.

"ಇದೇನು ಮಾಸ್ಟರೇ, ಮದುಮಗಳ ಹಾಗೆ ಸಿಂಗಾರ ಮಾಡಿ ತಂದಿದೀರಾ?"

"ಒಳ್ಳೇ ಲೈನಿಂಗು. ಸಾಹೇಬರುಗಳ ಕೋಟಿಗೆ ಹಾಕೋದು."

ಬಟ್ಟೆಯನ್ನು ಮುಟ್ಟಿದೊಡನೆ ಅಕ್ಕನ ನಗು ನಿಂತಿತು. "ಮಾಸ್ಟರೇ, ಒಂದು ಮಾತು ಕೇಳ್ತೀನಿ. ಈ ಬಟ್ಟೆ ಒಣಗಾಳಿ ದಿನ ಏನು ಮಾಡುತ್ತೆ?"

"ಏನು ಮಾಡುತ್ತೆ, ಕಾಲಿಗೆ ಅಂಟ್ಕೊಳ್ಳುತ್ತೆ. ಎಳೆದ್ರೆ ಚಟಚಟ ಅನ್ನುತ್ತೆ. ಬೆರಳಿಗೆ ಕಿಡಿ..."

ಅಕ್ಕ ಹೊಲಿಗೆ ಬಿಚ್ಚಿ, ಹಳೆಯ ಪಟ್ಟಿಯನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿದರು. ಯಂತ್ರ ಮೂರು ಸಲ ಕೂಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಒರೆಸಿ ಹಾಕಿದರು, ಬೇರೆ ಸೀಳಿಗೆ ಹಾಕಿದರು. ಮೂರು ಕೂಗು, ಕಪ್ಪು ಪರದೆ.

"ನಿನ್ನೆವರೆಗೂ ಚೆನ್ನಾಗಿತ್ತಲ್ಲ" ಎಂದರು ಮಾಸ್ಟರು.

"ಇಂಥ ಬಟ್ಟೇಲಿ, ಅದೂ ಉಣ್ಣೆ ಜೇಬಲ್ಲಿ... ಆ ಕಿಡಿ ನಮಗೆ ಚುರುಕ್ ಅನ್ನುತ್ತೆ ಅಷ್ಟೆ. ಇದಕ್ಕೆ ಅದೇ ಸಿಡಿಲು. ಬೇಕಂತ ಮಾಡಿದ್ದಲ್ಲವಲ್ಲ, ಬಿಡಿ."

ಮಾಸ್ಟರು ಕಾರ್ಡನ್ನು ಕೈಗೆತ್ತಿಕೊಂಡು ತಾವೇ ಬರೆದ ಮೂರು ಮಾತನ್ನು ಓದಿದರು. ಆಮೇಲೆ ಏಳಹೊರಟರು. "ಹೋಗ್ಲಿ ಬಿಡಿ. ಟೀಚರಿಗೆ ಆಗಲ್ಲ ಅಂತೀನಿ. ಅವಳ ತವರಿನ ಸಾಮಾನನ್ನೂ ಹಾಳು ಮಾಡಿದೆ. ಈ ಕೈ ಇನ್ನು ಯಾವುದಕ್ಕೂ ಬೇಡ."

"ಕೈಯಲ್ಲಿ ಆರಿಸಿ ಅಂತ ಯಾರು ಹೇಳಿದ್ರು?" ಎಂದರು ಅಕ್ಕ. "ನಿಮ್ಮ ಸೊಸೆ ಒಯ್ದದ್ದು ಜೀವಂತ ಇದೆ. ಅದಕ್ಕೆ ಜೋಡಿ ಹುಡುಕೋಣ. ಕೂತ್ಕೊಳ್ಳಿ."

ತಟ್ಟೆಯಲ್ಲಿ ಆರು ರ್ಯಾಮುಗಳಿದ್ದವು. (ಗುಂಡಿ ಮಾರುವಾಕೆ ಹನ್ನೆರಡು ಎನ್ನುತ್ತಾರೆ, ತಟ್ಟೆ ಯಾರದೋ ಅವರ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ.) ಐದರ ಮೇಲೆ ಅದೇ ಕಂಪನಿಯ ಅದೇ ಚೀಟಿ. ಆರನೆಯದರ ಮೇಲೆ ಬೇರೆ ಕಂಪನಿಯ ಹೆಸರು.

"ಒಂದೇ ಚೀಟಿ ಇದ್ರೂ ಆ ಎರಡಕ್ಕೆ ಯಾಕೆ ಕೂಡಿಬರಲಿಲ್ಲ?"

"ಇಬ್ಬರು ಮಂಚ ಹೊತ್ಕೊಂಡು ಹೋಗ್ತಿರ್ತಾರೆ ಅಂತಿಟ್ಕೊಳ್ಳಿ. ಇಬ್ಬರೂ ಗಟ್ಟಿಮುಟ್ಟೇ. ಒಬ್ಬ ಕಾಲೆತ್ತೋ ಹೊತ್ತಿಗೆ ಇನ್ನೊಬ್ಬ ಇಳಿಸಿದ್ರೆ, ಮಂಚದ ಮೇಲಿದ್ದವನು ನೆಲದ ಮೇಲೆ. ಕಂಪನಿಯೋರು ಚೀಟಿ ಬದಲಾಯಿಸಲ್ಲ, ಒಳಗಿನ ಸರಕನ್ನ ಆಗಾಗ ಬದಲಾಯಿಸ್ತಾರೆ. ಎಷ್ಟೋ ಸಲ ಹೊಂದಿಕೊಂಡು ಹೋಗುತ್ತೆ. ನಿಮಗೆ ಹೋಗಲಿಲ್ಲ."

ಮಾಸ್ಟರು ಬೆನ್ನು ನೆಟ್ಟಗೆ ಮಾಡಿದರು. "ಈ ರೋಗ ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಒಬ್ಬ ವಕೀಲರ ಕೋಟಿಗೆ ತೋಳಿನ ಬಟ್ಟೆ ಸಾಲದೆ ಬಂತು. ಅದೇ ನಂಬರಿನ ಇನ್ನೊಂದು ಥಾನಿನಿಂದ, ಅಂದ್ರೆ ಬೇರೆ ಸುರುಳಿಯಿಂದ, ತಂದು ಹಾಕಿದೆ. ಅಂಗಡೀಲಿ ಒಂದೇ ಬಣ್ಣ. ಬಿಸಿಲಿಗೆ ಹೋದ ಮೇಲೆ ನೋಡಿದ್ರೆ, ವಕೀಲರು ಒಬ್ಬರು, ತೋಳು ಇನ್ನೊಬ್ಬರದು. ನಂಬರು ಒಂದೇ ಆದ್ರೆ ಸಾಲದು ಅಕ್ಕ, ಒಂದೇ ಥಾನು ಆಗಬೇಕು." ಎದ್ದು, "ಆ ತಟ್ಟೆ ಬಾಗಿಲಿಗೆ ತನ್ನಿ" ಎಂದರು.

ಅಕ್ಕ ಅವರ ಉಣ್ಣೆಯ ಕೋಟನ್ನು ಕಳಚಿಸಿದರು. ಮೈಯಲ್ಲಿರುವ ಕಿಡಿ ಇಳಿಯಲೆಂದು ಕಬ್ಬಿಣದ ಕಪಾಟನ್ನು ಮುಟ್ಟಿಸಿದರು. ಆರು ಪಟ್ಟಿಗಳನ್ನೂ ಸೊಸೆ ಒಯ್ದಿದ್ದ ಒಂದನ್ನೂ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟರು. ಮಾಸ್ಟರು ಯಾವುದನ್ನೂ ಎತ್ತಲಿಲ್ಲ. ಬಟ್ಟೆಯ ನೂಲೆಣಿಸಲು ಇಟ್ಟುಕೊಂಡಿದ್ದ ಚಿಕ್ಕ ಭೂತಗನ್ನಡಿಯನ್ನು ಪಟ್ಟಿಯ ಮೇಲೆ ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಗ್ಗಿ ನೋಡುತ್ತ ಹೋದರು. ಕೈ ನಡುಗುತ್ತಿತ್ತು, ಕಣ್ಣು ನಡುಗುತ್ತಿರಲಿಲ್ಲ. ಒಂದರ ಬೆನ್ನಿಗೂ ಕಪ್ಪು ಬಿಲ್ಲೆಗಳಿವೆ, ಇನ್ನೊಂದರದು ಖಾಲಿ. ಒಂದರ ಹಸಿರು ಎಳೆಯದು, ಇನ್ನೊಂದರದು ಗಾಢ. ಬಿಲ್ಲೆಗಳ ಮೇಲಿನ ಇರುವೆಯಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು, ಅಕ್ಕ ಬರೆದುಕೊಂಡರು. ಐದೂ ಕಳೆದವು.

ಆರನೆಯದರ ಮೇಲೆ ಅವರು ಬಹಳ ಹೊತ್ತು ಬಗ್ಗಿದ್ದರು.

"ಇದೇ" ಎಂದರು.

"ಅದು ಬೇರೆ ಕಂಪನೀದು ಮಾಸ್ಟರೇ. ಚೀಟಿ ಓದಿ."

"ಓದಿದೆ. ಚೀಟಿ ಅಂಟಿಸೋರು ಮಾರೋರು. ಅಂಚು ನೇಯ್ದೋರದ್ದು. ಬಟ್ಟೆ ಯಾವ ಮಗ್ಗದ್ದು ಅಂತ ಅಂಚು ಹೇಳುತ್ತೆ. ಈ ಎರಡರ ಅಂಚು ನೋಡಿ."

ಅಕ್ಕ ಬಗ್ಗಿದರು. ಹಸಿರು ಹಲಗೆಯ ಅಂಚಿನಲ್ಲಿ ಬಿಳಿ ಅಂಕಿಗಳು: ಎರಡರಲ್ಲೂ ಅವೇ. ಕಪ್ಪು ಬಿಲ್ಲೆಗಳ ಮೇಲಿನ ಅಕ್ಷರಗಳೂ ಅವೇ. ತಾಮ್ರದ ಗೆರೆ ಮೂಲೆಯಲ್ಲಿ ಬಳುಕಿದ್ದ ರೀತಿಯೂ ಅದೇ. ಚೀಟಿಗಳು ಬೇರೆ ಬೇರೆ, ಹುಟ್ಟಿದ ಮನೆ ಒಂದೇ.

"ಹದಿನಾಲ್ಕು ವರ್ಷದಿಂದ ಈ ಅಂಗಡಿ ನಡೆಸ್ತಿದೀನಿ. ನಾನೂ ಅವಸರಕ್ಕೆ ಚೀಟಿ ನೋಡೇ ಕೊಟ್ಟುಬಿಡ್ತಿದ್ದೆ. ಅವತ್ತು ನನಗೇ ನಾಚಿಕೆಯಾಯ್ತು" ಎಂದು ಅಕ್ಕ ನಮ್ಮೆದುರಿಗೆ ಒಪ್ಪಿಕೊಂಡರು.

"ಸುಮ್ನೆ ಒಪ್ಕೊಂಡ್ರಾ? ಪರೀಕ್ಷೆ ಮಾಡಲಿಲ್ವಾ?" ಎಂದರು ದನದ ಡಾಕ್ಟರು.

ಮಾಡಿದರು. ಎರಡನ್ನೂ ಜೊತೆಗೆ ಹಾಕಿ ಪರೀಕ್ಷೆಗೆ ಬಿಟ್ಟರು. ಒಂದು ಸುತ್ತಿಗೆ ಗಂಟೆಯ ಮೇಲಾಗುತ್ತದೆ. ಮೂರು ಸುತ್ತು ಆಗಬೇಕು. ಒಂದೇ ಒಂದು ಕೆಂಪು ಗೆರೆ ಬಂದರೂ ಮುಗಿಯಿತು. ಮಾಸ್ಟರು ಊಟಕ್ಕೂ ಏಳದೆ ಇದೇ ಬೆಂಚಿನ ಮೇಲೆ ಕೂತಿದ್ದರು. ಆ ಹೊತ್ತಿನಲ್ಲಿ ಅವರು ಅಕ್ಕನ ಅಂಗಿಯ ಬಿದ್ದುಹೋದ ಗುಂಡಿಯನ್ನು ಹೊಲಿದುಕೊಟ್ಟರೆಂದು ಗುಂಡಿ ಮಾರುವಾಕೆ ಹೇಳುತ್ತಾರೆ. ಮಾಸ್ಟರ ಹೆಂಡತಿಯನ್ನು ಕೇಳಿದಾಗ, "ಅವರು ಗುಂಡಿ ಹೊಲಿದಿದ್ರೆ ಅವತ್ತಿನ ದಿನಾನ ನಾನು ಗೋಡೆ ಮೇಲೆ ಬರೆದಿಡ್ತಿದ್ದೆ" ಎಂದರು.

ಮೂರೂವರೆಗೆ ಮೂರನೆಯ ಸುತ್ತು ಮುಗಿಯಿತು. ಕೆಂಪು ಗೆರೆ ಬರಲಿಲ್ಲ.

ಸೊಸೆ ಬರುವಾಗ ಮಾವ ಹೊಸ್ತಿಲಲ್ಲೇ ನಿಂತಿದ್ದರು. "ತಾಯಿ, ಜೋಡಿ ಸಿಕ್ತು. ಆದ್ರೆ ಒಂದು ತಪ್ಪಾಯ್ತು. ನಿನ್ನ ತವರಿನದನ್ನ ನಾನೇ ಕೊಂದೆ" ಎಂದು ಕಾರ್ಡನ್ನು ಮುಂದೆ ಹಿಡಿದರು. ಅದರ ಮೇಲೆ ಸತ್ತ ಪಟ್ಟಿ, ಬಿಚ್ಚಿದ ಲೈನಿಂಗ್ ಬಟ್ಟೆ.

ಅವಳು ಓದಿದಳು. ಬಟ್ಟೆಯನ್ನು ಬೆರಳಲ್ಲಿ ಸವರಿದಳು.

"ಆರು ವರ್ಷ ನಾನು ಇದರ ಧೂಳು ಕೂಡ ಒರೆಸಿರಲಿಲ್ಲ ಮಾವ. ಸಾಯೋ ದಿನ ಸಾಹೇಬರ ಲೈನಿಂಗ್ ಉಟ್ಕೊಂಡು ಹೋಯ್ತಲ್ಲ, ಅದೃಷ್ಟವಂತ. ಬನ್ನಿ, ಹೊತ್ತಾಯ್ತು."

ಪಟ್ಟಿಗಳನ್ನು ಅವಳು ಕೂರಿಸಿದಳು. ಕೀಲಿ ಒತ್ತಿದವರು ಮಾವ. ಒಂದು, ಎರಡು, ಎಂಟು. ಒಂಬತ್ತು ದಾಟಿತು. ಹದಿನೇಳು ತನ್ನ ಎರಡೂ ತೋಳುಗಳೊಂದಿಗೆ ಬಂತು. ಅತ್ತೆಯ ಬಾಯಲ್ಲಿ ಗುಂಡುಸೂಜಿಗಳಿದ್ದುದರಿಂದ ಆ ಕೋಣೆಯಲ್ಲಿ ಅಷ್ಟು ಹೊತ್ತು ಮಾತಿರಲಿಲ್ಲ. ಇಪ್ಪತ್ತೆಂಟೂ ಹರಡಿಕೊಂಡವು. ಅರ್ಧ ಗಂಟೆ ಕಳೆಯಿತು, ಮುಕ್ಕಾಲಾಯಿತು. ಮಾಸ್ಟರು ಒಂದೊಂದೇ ತುಂಡನ್ನು ನೂಲು ನೂಲಾಗಿ ಸರಿಸುತ್ತ ಬಟ್ಟೆಯ ಅಗಲಕ್ಕೆ ಕೂಡಿಸುತ್ತಿದ್ದರು. ಪರದೆ ನೀಲಿಯಾಗಲಿಲ್ಲ.

ಐದಕ್ಕೆ ಟೀಚರು ಬಂದು ಬಾಗಿಲಲ್ಲಿ ನಿಂತರು. "ಏನಾಯ್ತು ಮಾಸ್ಟರೇ? ಆಗುತ್ತಾ, ಇಲ್ವಾ?"

ಮಾಸ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎರಡನೇ ಸಾಲಲ್ಲಿ ನಿಲ್ಲೋ ಒಬ್ಬಳು ಹುಡುಗಿಗೆ ಎಡಭುಜ ಸ್ವಲ್ಪ ಇಳಿದಿದೆ. ಸೋಮವಾರ ಅವಳನ್ನ ಮತ್ತೊಂದು ಸಲ ಕಳಿಸಿ, ಅಳತೆ ತಗೋಬೇಕು" ಎಂದರು.

ಹೆಂಡತಿ ಬಾಯಿಂದ ಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿದರು. ಖಾನೆ ಎಳೆದು, ಸುತ್ತಿಟ್ಟಿದ್ದ ಕತ್ತರಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಹತ್ತಿಬಟ್ಟೆಯನ್ನು ಮಡಿಸಿ, "ಇದಕ್ಕಿನ್ನು ಈ ಮನೇಲಿ ಕೆಲಸ ಇಲ್ಲ" ಎಂದು ತಮ್ಮ ಯಂತ್ರದ ಪಕ್ಕಕ್ಕೆ ಹಾಕಿಕೊಂಡರು.

ಆ ಬಟ್ಟೆಯಿಂದ ಐದು ಚೀಲಗಳಾದವು. ತಟ್ಟೆಯಲ್ಲಿ ಉಳಿದಿದ್ದವೂ ಐದೇ. ಮುಂದಿನ ವಾರ ಮಾಸ್ಟರು ಅವನ್ನು ತಂದುಕೊಟ್ಟು, "ಲಕೋಟೆ ಒಳಗಿರಲಿ, ಇದು ಹೊರಗೆ. ಹತ್ತಿ ಕಿಡಿ ಹಾರಿಸಲ್ಲ, ವಿಚಾರಿಸಿದೀನಿ" ಎಂದರಂತೆ. ಅಂದಿನಿಂದ ಅಕ್ಕ ರ್ಯಾಮುಗಳನ್ನು ಚೀಟಿ ನೋಡಿ ಜೋಡಿಸುವುದಿಲ್ಲ. ಅಂಚು ನೋಡಿ ಜೋಡಿಸುತ್ತಾರೆ.

"ಹಾಗಾದ್ರೆ ಈ ಚೀಲ ನನಗೆ ಕೊಡ್ತೀರಾ?" ಎಂದರು ಗುಮಾಸ್ತೆ.

"ರ್ಯಾಮ್ ನಿಮಗೆ. ಚೀಲ ನನಗೆ" ಎಂದರು ಅಕ್ಕ.

ಆಗ ತಲೆಯ ಮೇಲಿನ ಫ್ಯಾನು ಒಮ್ಮೆ ನರಳಿ ತಿರುಗತೊಡಗಿತು. ಅಕ್ಕ ಗುಮಾಸ್ತೆಯ ಕಂಪ್ಯೂಟರಿನ ಮುಚ್ಚಳ ತೆಗೆದು, ಎರಡು ಪಟ್ಟಿಗಳ ಅಂಚನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಕೂರಿಸಿದರು. ನನ್ನ ಟೇಪ್ ರೆಕಾರ್ಡರು ಸರಿಯಾಗಿತ್ತು, ತೆಗೆದುಕೊಂಡೆ. ದನದ ಡಾಕ್ಟರ ಪ್ರಿಂಟರಿಗೆ ಇನ್ನೊಂದು ದಿನ ಬೇಕಂತೆ. ಅವರು ಅದನ್ನು ತೊಡೆಯಿಂದಿಳಿಸಿ ಬೆಂಚಿನ ಮೇಲಿಟ್ಟು, ಹೊದಿಸಿ ತಂದಿದ್ದ ಉಣ್ಣೆಯ ಶಾಲನ್ನು ಮೆಲ್ಲಗೆ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು. ಮೂವರೂ ಎದ್ದು ಅವರವರ ಮನೆಯ ದಾರಿ ಹಿಡಿದೆವು.